ಬೆರಕಿ ಬೀಜ

ಬಿಳಿ ತೊಗರಿ ಬಿತ್ತಿದ ಸಾಲಿನಲ್ಲಿ ಒಂದೆರಡು ಗಿಡ ಕೆಂಪು ಕಾಳು ಕಟ್ಟಿದರೆ ನಮ್ಮ ಕಡೆ ಮೊದಲು ಹೊರಡುವ ಮಾತು, "ಬೀಜ ಬೆರಕಿ ಆಗ್ಯಾದ." ಅದರಲ್ಲಿ ಬೇಸರವಿರುತ್ತದೆ, ಬುಟ್ಟಿಗೆ ಯಾರೋ ಬೇರೆ ಕಾಳು ಸುರಿದರೆಂಬ ಗುಮಾನಿಯೂ ಇರುತ್ತದೆ. ನನಗೆ ಮಾತ್ರ ಆ ಗಿಡ ಕಂಡರೆ ಅಕ್ಕರೆ.

ಎಲ್ಲ ಕಾಳುಗಳೂ ಹೀಗೆ ಬೆರೆಯುವುದಿಲ್ಲ. ಹಿತ್ತಲ ಚಪ್ಪರದ ಅವರೆ, ಅಲಸಂದೆ, ಬೀನ್ಸ್ ಹೂಗಳು ಅರಳುವ ಮೊದಲೇ ಬಹುತೇಕ ತಮ್ಮ ಪರಾಗವನ್ನು ತಾವೇ ತಾಗಿಸಿಕೊಂಡಿರುತ್ತವೆ. ಕರಿ ದುಂಬಿ ಬಲವಾಗಿ ನುಗ್ಗಿದಾಗ ಅಪರೂಪಕ್ಕೊಂದು ಬೆರಕೆ. ತೊಗರಿಯ ಸ್ವಭಾವ ಬೇರೆ. ಸ್ವಂತ ಪರಾಗದಿಂದ ಕಾಯಿ ಕಟ್ಟುತ್ತದೆ, ಜೇನು ತಂದದ್ದನ್ನೂ ಒಲ್ಲೆ ಎನ್ನುವುದಿಲ್ಲ. ನೂರರಲ್ಲಿ ಇಪ್ಪತ್ತು ಕಾಳು ಹೀಗೆ ಹುಟ್ಟಿದರೂ ಅಚ್ಚರಿಯಿಲ್ಲ. ಜೇನು ಹೆಚ್ಚಿದ್ದರೆ ಇನ್ನೂ ಹೆಚ್ಚು. ಈ ಗುಣವನ್ನೇ ನೆಚ್ಚಿಕೊಂಡು ಪಟಾನ್‌ಚೆರುವಿನ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಹೈಬ್ರಿಡ್ ತೊಗರಿ ರೂಪಿಸಿತು.

ಕಣ್ಣು ಮೋಸ ಹೋಗುವುದು ರಾಶಿಯ ಮುಂದೆ. ಕಾಳಿನ ಸಿಪ್ಪೆ ತಾಯಿಗಿಡದ್ದು. ಬಿಳಿ ತೊಗರಿಯ ಹೂವಿಗೆ ಕೆಂಪು ತೊಗರಿಯ ಪರಾಗ ತಾಗಿದರೂ ಈ ವರ್ಷದ ಕಾಳು ಬಿಳಿಯೇ. ಮುಂದಿನ ಮುಂಗಾರಿಗೆ ಬಿತ್ತಿ, ಆ ಗಿಡ ಕಾಯಿ ಕಟ್ಟಿದಾಗಲೇ ಗುಟ್ಟು ರಟ್ಟು. ಬುಟ್ಟಿಯನ್ನೂ ಬುಟ್ಟಿ ತುಂಬಿದವರನ್ನೂ ಬೈದು ಫಲವಿಲ್ಲ.

ಜಹೀರಾಬಾದ್ ಬಳಿಯ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಣ್ಣುಮಕ್ಕಳಿಗೆ, ಅವರಲ್ಲಿ ಬಹುಪಾಲು ದಲಿತರು, ಇದು ಪುಸ್ತಕದ ಪಾಠವಲ್ಲ. ಬೆಳೆ ನಿಂತಿರುವಾಗಲೇ ಹೊಲ ಸುತ್ತಿ ಬೀಜದ ಗಿಡ ಆರಿಸುತ್ತಾರೆ. ಬೂದಿ, ಬೇವಿನೆಲೆ ಬೆರೆಸಿ ಬುಟ್ಟಿಯಲ್ಲಿಡುತ್ತಾರೆ. 1983ರಲ್ಲಿ ಆ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರಾದ ಪಿ.ವಿ. ಸತೀಶ್ ಮೈಸೂರಿನ ಕನ್ನಡಿಗರು, 2023ರಲ್ಲಿ ತೀರಿಕೊಂಡರು. 2019ರಲ್ಲಿ ಸಂಸ್ಥೆಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಅದಕ್ಕಿಂತ ದೊಡ್ಡದು ಆ ಹೆಣ್ಣುಮಕ್ಕಳ ಕಣ್ಣಿನ ಅಳತೆ ಎಂದೇ ನನ್ನ ಎಣಿಕೆ.

ಈಗ ತೆಲಂಗಾಣದಲ್ಲಿರುವ ಜಹೀರಾಬಾದ್, ನಾರಾಯಣಖೇಡ 1956ರ ತನಕ ಬೀದರ್ ಜಿಲ್ಲೆಯವು, ಅಲ್ಲಿಯದೇ ತಾಂಡೂರು ಗುಲಬರ್ಗಾದ್ದು. ನಂಟಸ್ತಿಕೆ ಇಂದಿಗೂ ಗಡಿಯ ಎರಡೂ ಕಡೆ ಇದೆ. ಸೆರಗಿನ ಗಂಟಿನಲ್ಲಿ ಬೀಜವೂ ಬರುತ್ತದೆ, ಹೋಗುತ್ತದೆ. ತಾಂಡೂರಿನ ತೊಗರಿಗೆ 2022ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಆ ಹೆಸರಿನಲ್ಲಿ ಮಾರುವವರು ಬೇರೆ ತಳಿಯಿಂದ ಇನ್ನೂರು ಮೀಟರ್ ದೂರ ಬೀಜ ಬೆಳೆಯಲಿ, ಅದು ಸರಿ. ಮನೆಗೆಂದು ಬೆಳೆಯುವ ಹೊಲಕ್ಕೆ ಅಷ್ಟು ಬಿಗಿ ಬೇಡ. ಮಳೆ ಕೈಕೊಟ್ಟ ವರ್ಷ, ಸೊರಗು ರೋಗ ಬಡಿದ ವರ್ಷ, ಎಲ್ಲ ಗಿಡ ಒಂದೇ ಬಗೆಯವಾಗಿದ್ದರೆ ಎಲ್ಲವೂ ಒಟ್ಟಿಗೆ ಹೋದಾವು. ಬೆರಕೆಯಿದ್ದಲ್ಲಿ ಕೆಲವಾದರೂ ನಿಲ್ಲುತ್ತವೆ.

ಈ ಸಲ ತೊಗರಿ ಹೂಬಿಟ್ಟಾಗ ಹೊಲಕ್ಕೆ ಹೋಗಿ. ಬದುವಿನಿಂದ ದೂರ, ನಡುಹೊಲದ ಒಳ್ಳೆಯ ಗಿಡಗಳಿಗೆ ದಾರ ಕಟ್ಟಿ ಬೀಜಕ್ಕೆ ಬಿಡಿ. ಬಣ್ಣ ತಪ್ಪಿದ ಕಾಳು ಸಿಕ್ಕರೆ ಬೇಳೆಗೆ ಹಾಕಬೇಡಿ, ಒಂದು ಮೂಲೆಯಲ್ಲಿ ಬೇರೆಯಾಗಿ ಬಿತ್ತಿ ನೋಡಿ.