ತಮ್ಮನ ಕ್ಯಾಚ್ ಕಟ್ಟು

ಮೊನ್ನೆ ಏಳನೆಯ ತರಗತಿಯಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನಿಂದ ಪಿಸುಮಾತು ಕೇಳಿಸಿತು. ಹೋಗಿ ನೋಡಿದರೆ ಕಂಪಾಸ್ ಪೆಟ್ಟಿಗೆಯೊಳಗೆ ಒಂದು ಕಟ್ಟು ಕಾರ್ಡುಗಳು! ಹುಡುಗ ಹೆದರಿ ಎದ್ದು ನಿಂತ. ನಾನು ಬೈಯಲಿಲ್ಲ. "ಇದು ಚಲೋ ಕಟ್ಟೋ, ಸಾಧಾರಣದ್ದೋ?" ಎಂದು ಕೇಳಿದೆ. "ಬಹಳ ಚಲೋದು ಸರ್, ನಿನ್ನೆ ಮೂರು ಆಟ ಆಡಿದೆ, ಮೂರೂ ಗೆದ್ದೆ" ಎಂದ.

ಮೂರು ಆಟ! ನನಗೆ ನಗು ಬಂತು. ಜೊತೆಗೆ ಒಂದು ಹಳೆಯ ನೋವೂ ನೆನಪಾಯಿತು. ಅದನ್ನೇ ಇಂದು ನಿಮಗೆ ಹೇಳುತ್ತೇನೆ.

ಅದು 2003ರ ಬೇಸಿಗೆ ರಜೆ. ಆ ವರ್ಷದ ಮಾರ್ಚ್ 23ರಂದು ವಿಶ್ವಕಪ್ ಕ್ರಿಕೆಟ್‌ನ ಅಂತಿಮ ಪಂದ್ಯದಲ್ಲಿ ಭಾರತ ಆಸ್ಟ್ರೇಲಿಯಕ್ಕೆ ಸೋತಿತ್ತು. ಆ ಬೇಸರವನ್ನು ಮರೆಯಲು ನಮಗೆ ಸಿಕ್ಕಿದ್ದು ಟ್ರಂಪ್ ಕಾರ್ಡು. ಒಂದೊಂದು ಕಾರ್ಡಿನಲ್ಲಿ ಒಬ್ಬ ಆಟಗಾರನ ಚಿತ್ರ. ಕೆಳಗೆ ಅವನು ಆಡಿದ ಪಂದ್ಯಗಳು, ಹೊಡೆದ ರನ್ನುಗಳು, ಪಡೆದ ವಿಕೆಟ್‌ಗಳು, ಹಿಡಿದ ಕ್ಯಾಚ್‌ಗಳು ಹೀಗೆ ಹಲವು ಸಂಖ್ಯೆಗಳು. ನಾನು "ರನ್ನು" ಎಂದು ಕರೆದರೆ ಇಬ್ಬರ ಕಾರ್ಡಿನಲ್ಲೂ ರನ್ನು ನೋಡಬೇಕು. ಯಾರ ಸಂಖ್ಯೆ ದೊಡ್ಡದೋ ಅವರಿಗೆ ಆ ಸುತ್ತು. ಗೆದ್ದವರೇ ಮುಂದಿನ ಸುತ್ತಿನಲ್ಲಿ ಕರೆಯಬೇಕು.

ಅಂಕೋಲೆಯ ಬೇಲೇಕೇರಿಯಲ್ಲಿ ಅಜ್ಜನ ಮನೆ. ಮನೆಯ ಹಿಂದಿನ ಮಾವಿನ ಮರದ ಕೆಳಗೆ ನಾವು ನಾಲ್ವರು ಸೇರುತ್ತಿದ್ದೆವು. ಆರನೆಯ ತರಗತಿ ಮುಗಿಸಿದ್ದ ನಾನು, ಮೂರನೆಯ ತರಗತಿಯ ನನ್ನ ತಮ್ಮ, ಪಕ್ಕದ ಮನೆಯ ಹುಡುಗಿ, ಕಾರವಾರದ ಬೈತಕೋಲದಿಂದ ರಜೆಗೆ ಬಂದಿದ್ದ ಮಾವನ ಮಗ. ನಮ್ಮದೇ ಒಂದು ನಿಯಮ ಮಾಡಿಕೊಂಡಿದ್ದೆವು. ಪ್ರತಿಯೊಬ್ಬರೂ ತಮ್ಮಲ್ಲಿರುವ ಕಾರ್ಡುಗಳಿಂದ ಹತ್ತನ್ನು ಆರಿಸಿ ಒಂದು ಕಟ್ಟು ಮಾಡಬೇಕು. ಹತ್ತು ಸುತ್ತಿಗೆ ಒಂದು ಆಟ. ಐದೈದು ಸಮ ಬಂದರೆ ಇನ್ನೊಂದು ಸುತ್ತು.

ನನ್ನದು ಬ್ಯಾಟ್ಸ್‌ಮನ್‌ಗಳೇ ತುಂಬಿದ ರನ್ ಕಟ್ಟು. ಮಾವನ ಮಗನದು ಬೌಲರ್‌ಗಳ ವಿಕೆಟ್ ಕಟ್ಟು. ಪಕ್ಕದ ಮನೆಯವಳದು ಆಲ್‌ರೌಂಡರ್‌ಗಳ ಮಿಶ್ರ ಕಟ್ಟು. ತಮ್ಮನದು ವಿಕೆಟ್ ಕೀಪರ್‌ಗಳು, ಒಳ್ಳೆಯ ಫೀಲ್ಡರ್‌ಗಳು ಇದ್ದ ಕ್ಯಾಚ್ ಕಟ್ಟು. ಆ ಕಾರ್ಡುಗಳನ್ನು ಅಂಕೋಲೆಯ ಬಂಡಿಹಬ್ಬದ ಪೇಟೆಯಲ್ಲಿ ಅಜ್ಜ ಅವನಿಗೆ ತೆಗೆಸಿಕೊಟ್ಟಿದ್ದರು. ಅವನು ಅವನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ.

ಯಾವ ಕಟ್ಟು ಎಲ್ಲಕ್ಕಿಂತ ಬಲವಾದದ್ದು? ಇದೇ ದಿನವೂ ಜಗಳ. ನಾನು ಹಳೆಯ ನೋಟುಪುಸ್ತಕವೊಂದರಲ್ಲಿ ಪ್ರತಿ ಆಟವನ್ನೂ ಬರೆದಿಡತೊಡಗಿದೆ. ವಾರ ಮುಗಿದಾಗ ಲೆಕ್ಕ ಹೀಗಿತ್ತು:

ರನ್ ಕಟ್ಟು: ಆಡಿದ್ದು 24, ಗೆದ್ದದ್ದು 13
ವಿಕೆಟ್ ಕಟ್ಟು: ಆಡಿದ್ದು 20, ಗೆದ್ದದ್ದು 12
ಮಿಶ್ರ ಕಟ್ಟು: ಆಡಿದ್ದು 16, ಗೆದ್ದದ್ದು 7
ಕ್ಯಾಚ್ ಕಟ್ಟು: ಆಡಿದ್ದು 8, ಗೆದ್ದದ್ದು 2

"ನನ್ನದೇ ಮೊದಲನೆಯ ಸ್ಥಾನ" ಎಂದು ಕುಣಿದೆ. ಮಾವನ ಮಗ ಒಪ್ಪಲಿಲ್ಲ. "ನೀನು 24 ಆಟ ಆಡಿ 13 ಗೆದ್ದೆ. ನಾನು 20 ಆಡಿಯೇ 12 ಗೆದ್ದೆ. ನನ್ನದು ಹೆಚ್ಚಲ್ಲವೇನೋ?" ಎಂದ. ಅವನ ಮಾತು ಸರಿ. ಹೆಚ್ಚು ಆಡಿದವನು ಹೆಚ್ಚು ಗೆಲ್ಲುವುದು ದೊಡ್ಡ ಮಾತೇನಲ್ಲ. ಆದ್ದರಿಂದ ಶೇಕಡಾ ಲೆಕ್ಕ ಹಾಕಿದೆವು. ವಿಕೆಟ್ ಕಟ್ಟಿಗೆ ಶೇಕಡಾ 60, ನನ್ನದಕ್ಕೆ ಸುಮಾರು 54, ಮಿಶ್ರ ಕಟ್ಟಿಗೆ ಸುಮಾರು 44, ಕ್ಯಾಚ್ ಕಟ್ಟಿಗೆ 25. ನಾನು ಎರಡನೆಯ ಸ್ಥಾನಕ್ಕೆ ಇಳಿದೆ.

ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ? ತಮ್ಮನ ಕಡೆ ತಿರುಗಿ, "ನೋಡು, ನಿನ್ನ ಕಟ್ಟು ಕೆಲಸಕ್ಕೆ ಬಾರದ್ದು. ನಾನು ಹೇಳುವುದಲ್ಲ, ಲೆಕ್ಕ ಹೇಳುತ್ತದೆ" ಎಂದೆ. ಅವನಿಗೆ ಶೇಕಡಾ ಎಂದರೆ ಏನೆಂದು ಗೊತ್ತಿರಲಿಲ್ಲ. ಅಣ್ಣ ಪುಸ್ತಕದಲ್ಲಿ ಬರೆದಿದ್ದಾನೆಂದರೆ ಅದು ಸತ್ಯವೇ ಇರಬೇಕು ಎಂದುಕೊಂಡ. ಮರುದಿನ ಮಾವನ ಮಗ ಕಾರವಾರಕ್ಕೆ ಹೊರಟಾಗ, ತಮ್ಮ ಆ ಹತ್ತು ಕಾರ್ಡುಗಳನ್ನೂ ಅವನಿಗೆ ಕೊಟ್ಟು ಮಿರಿಮಿರಿ ಮಿಂಚುವ ಐದು ಹೊಸ ಕಾರ್ಡು ತೆಗೆದುಕೊಂಡ. ಆ ರಾತ್ರಿ ಅವನು ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದುದು ನನಗೆ ಕೇಳಿಸಿತು. ನಾನು ನಿದ್ದೆ ಬಂದವನಂತೆ ಮಲಗಿದ್ದೆ.

ಎರಡು ವಾರದ ಮೇಲೆ ಅಜ್ಜನ ಜೊತೆ ನಾನೂ ಬೈತಕೋಲಕ್ಕೆ ಹೋದೆ. ಆಗ ಆ ರಸ್ತೆ ರಾಷ್ಟ್ರೀಯ ಹೆದ್ದಾರಿ 17 ಆಗಿತ್ತು. ಈಗ ಅದರ ಸಂಖ್ಯೆ 66. ಬಿಣಗಾ ಘಟ್ಟದ ತಿರುವು ದಾಟಿ ಬಂದರಿನ ಬಳಿ ಇಳಿದು ಮಾವನ ಮನೆ ಸೇರಿದರೆ, ಅಂಗಳದಲ್ಲಿ ಕೇರಿಯ ಮಕ್ಕಳೆಲ್ಲ ಸೇರಿದ್ದರು. ಮಾವನ ಮಗ ತಮ್ಮನ ಆ ಕ್ಯಾಚ್ ಕಟ್ಟನ್ನೇ ಹಿಡಿದು ಆಡುತ್ತಿದ್ದ! ಹನ್ನೆರಡು ಆಟದಲ್ಲಿ ಒಂಬತ್ತು ಗೆದ್ದಿದ್ದ.

ನನಗೆ ಗಂಟಲು ಕಟ್ಟಿದಂತಾಯಿತು. ಕಾರ್ಡುಗಳು ಅವೇ. ಒಂದು ಸಂಖ್ಯೆಯೂ ಬದಲಾಗಿಲ್ಲ. ಹಾಗಾದರೆ ನನ್ನ ಲೆಕ್ಕ ಎಲ್ಲಿ ತಪ್ಪಿತು?

ಜಗಲಿಯಲ್ಲಿ ಕುಳಿತು ಹರಿದ ಬಲೆ ಹೊಲಿಯುತ್ತಿದ್ದ ಅಜ್ಜನಿಗೆ ಎಲ್ಲವನ್ನೂ ಹೇಳಿದೆ. ಅವರು ತಲೆ ಎತ್ತದೆ ಹೇಳಿದರು: "ತಮಾ, ಒಂದು ದಿನದ ಬಲೆ ನೋಡಿ ದೋಣಿಗೆ ಬೆಲೆ ಕಟ್ಟುತ್ತಾರೇನೋ? ದೋಣಿ ಅದೇ ಇರಲಿ, ನಡೆಸುವ ತಾಂಡೇಲ ಬೇರೆಯಾದರೆ ಮೀನೂ ಬೇರೆ. ನೀನು ಅಳೆದದ್ದು ದೋಣಿಯನ್ನೋ, ತಾಂಡೇಲನನ್ನೋ?"

ಅಜ್ಜ ಶಾಲೆಯಲ್ಲಿ ಓದಿದ್ದು ಕಡಿಮೆ. ಆದರೆ ನನ್ನ ಎರಡು ತಪ್ಪುಗಳನ್ನೂ ಅವರು ಎರಡೇ ಮಾತಿನಲ್ಲಿ ತೋರಿಸಿದ್ದರು.

ಮೊದಲ ತಪ್ಪು: ಆಟಗಳು ಬಹಳ ಕಡಿಮೆ. ತಮ್ಮ ಆಡಿದ್ದು ಬರೀ ಎಂಟು ಆಟ. ಒಂದು ನಾಣ್ಯವನ್ನು ಎಂಟು ಸಲ ಚಿಮ್ಮಿ ನೋಡಿ. ಶಿರ, ಪುಚ್ಛ ಬೀಳುವ ಕ್ರಮಗಳು ಒಟ್ಟು 256 ಆಗುತ್ತವೆ. ಅವುಗಳಲ್ಲಿ 37 ಕ್ರಮಗಳಲ್ಲಿ ಶಿರ ಎರಡು ಸಲ ಅಥವಾ ಅದಕ್ಕಿಂತ ಕಡಿಮೆ ಬೀಳುತ್ತದೆ. ಎಂದರೆ ಏಳು ಜನ ಹೀಗೆ ಚಿಮ್ಮಿದರೆ, ಅವರಲ್ಲಿ ಸುಮಾರು ಒಬ್ಬರಿಗೆ ಇಂಥ ಫಲ ಬರಬಹುದು. ನಾಣ್ಯ ಕೆಟ್ಟದ್ದು ಎಂದು ಆಗ ಯಾರಾದರೂ ಬಿಸಾಡುತ್ತಾರೆಯೇ? ನಾನು ತಮ್ಮನ ಕಟ್ಟಿಗೆ ಮಾಡಿದ್ದು ಅದನ್ನೇ.

ಎರಡನೆಯ ತಪ್ಪು: ಕಟ್ಟನ್ನೂ ಆಡುವವನನ್ನೂ ನಾನು ಬೇರೆ ಮಾಡಿರಲಿಲ್ಲ. ಕ್ಯಾಚ್ ಕಟ್ಟನ್ನು ಆಡಿದವನು ತಮ್ಮ ಒಬ್ಬನೇ. ಅವನು ನಮಗಿಂತ ಮೂರು ನಾಲ್ಕು ವರ್ಷ ಚಿಕ್ಕವನು. ರನ್ನಿನ ಸಂಖ್ಯೆ ಸಾವಿರಗಳಲ್ಲಿ ಇರುತ್ತದೆ, ಕ್ಯಾಚಿನದು ಅಷ್ಟು ದೊಡ್ಡದಲ್ಲ. ದೊಡ್ಡ ಸಂಖ್ಯೆ ಕಂಡೊಡನೆ ಅವನು "ರನ್ನು" ಎಂದು ಕೂಗುತ್ತಿದ್ದ. ಎದುರಾಳಿಯ ಕಾರ್ಡಿನಲ್ಲಿ ರನ್ನು ಇನ್ನೂ ಹೆಚ್ಚು ಇರಬಹುದು ಎಂದು ಯೋಚಿಸುತ್ತಿರಲಿಲ್ಲ. "ಕ್ಯಾಚು" ಎಂದು ಕರೆದಿದ್ದರೆ ಅನೇಕ ಸುತ್ತು ಅವನದೇ ಆಗುತ್ತಿತ್ತು.

ಹಾಗಾದರೆ ದೋಣಿಯನ್ನೇ ಅಳೆಯುವುದು ಹೇಗೆ? "ಅದಲು ಬದಲು ಮಾಡಿ ಆಡಿ" ಎಂದರು ಅಜ್ಜ. ಎರಡು ದಿನ ಕುಳಿತು 40 ಆಟ ಆಡಿದೆವು. ಮೊದಲ 20 ಆಟದಲ್ಲಿ ನನ್ನ ಕೈಯಲ್ಲಿ ಕ್ಯಾಚ್ ಕಟ್ಟು, ಮಾವನ ಮಗನ ಕೈಯಲ್ಲಿ ವಿಕೆಟ್ ಕಟ್ಟು. ಕ್ಯಾಚ್ ಕಟ್ಟು 9 ಗೆದ್ದಿತು. ಮುಂದಿನ 20 ಆಟದಲ್ಲಿ ಕಟ್ಟುಗಳನ್ನು ಬದಲಾಯಿಸಿಕೊಂಡೆವು. ಈಗ ಅವನ ಕೈಯಲ್ಲಿ ಕ್ಯಾಚ್ ಕಟ್ಟು 14 ಗೆದ್ದಿತು. ಒಟ್ಟು 40ರಲ್ಲಿ 23. ಕೊನೆಯ ಸ್ಥಾನದ ಕಟ್ಟು ಮೊದಲ ಸ್ಥಾನದ ಕಟ್ಟಿಗಿಂತ ಹೆಚ್ಚು ಗೆದ್ದಿತ್ತು!

ಅದೇ ಲೆಕ್ಕದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಯಾವ ಕಟ್ಟು ಎಂಬುದನ್ನು ಬಿಟ್ಟು, ಯಾರು ಗೆದ್ದರು ಎಂದು ಎಣಿಸಿದರೆ ಅವನು 25, ನಾನು 15. ಒಪ್ಪಿಕೊಳ್ಳಲು ಕಷ್ಟವಾಯಿತು, ಆದರೂ ಪುಸ್ತಕದಲ್ಲಿ ಬರೆದೆ.

"ಹಾಗಾದರೆ ಕ್ಯಾಚ್ ಕಟ್ಟೇ ಅತ್ಯುತ್ತಮ" ಎನ್ನೋಣವೇ? ನಿಲ್ಲಿ. ನಾಣ್ಯವನ್ನು 40 ಸಲ ಚಿಮ್ಮಿದರೂ 23 ಅಥವಾ ಹೆಚ್ಚು ಶಿರ ಬೀಳುವುದು ಸುಮಾರು ಐದರಲ್ಲಿ ಒಂದು ಸಲ ನಡೆಯುತ್ತದೆ. ಹಾಗಾಗಿ ಅದು ಉತ್ತಮ ಎಂದೂ ಖಚಿತವಾಗಿ ಹೇಳಲಾಗದು. ಆದರೆ ಅದು ಕೆಲಸಕ್ಕೆ ಬಾರದ್ದು ಎನ್ನಲು ನನ್ನ ಬಳಿ ಯಾವ ಆಧಾರವೂ ಇರಲಿಲ್ಲ. ಇಷ್ಟಂತೂ ಖಚಿತ.

ಮಕ್ಕಳೇ, ಇದು ಬರೀ ಅಂಗಳದ ಆಟದ ಮಾತಲ್ಲ. 1993ರಲ್ಲಿ ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ಎಂಬವರು ರೂಪಿಸಿದ 'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬ ಕಾರ್ಡಿನಾಟ ಬಂತು. 1996ರಲ್ಲಿ ಜಪಾನಿನಲ್ಲಿ ಪೋಕೆಮಾನ್ ಕಾರ್ಡುಗಳು ಬಂದವು. ಇವುಗಳಲ್ಲಿಯೂ ಆಟಗಾರರು ತಾವೇ ಕಾರ್ಡು ಆರಿಸಿ ಕಟ್ಟು ಮಾಡುತ್ತಾರೆ. ಪೋಕೆಮಾನ್ ಆಟದಲ್ಲಿ ಒಂದು ಕಟ್ಟಿಗೆ 60 ಕಾರ್ಡು. ಜಗತ್ತಿನ ಹಲವೆಡೆ ದೊಡ್ಡ ಪಂದ್ಯಾವಳಿಗಳು ನಡೆಯುತ್ತವೆ. ಅವುಗಳ ಫಲಿತಾಂಶಗಳನ್ನು ಸೇರಿಸಿ ಯಾವ ಕಟ್ಟು ಬಲವಾದದ್ದು ಎಂದು ಲೆಕ್ಕ ಹಾಕುವವರಿದ್ದಾರೆ. ಅವರಿಗೂ ನಮ್ಮದೇ ತೊಡಕುಗಳು.

ಒಂದು ಉದಾಹರಣೆ ನೋಡಿ. ಒಂದು ಪಂದ್ಯಾವಳಿಗೆ 100 ಜನ ಬಂದರು ಎನ್ನೋಣ. ಅವರಲ್ಲಿ 50 ಜನ ತಂದದ್ದು ಒಂದೇ ಬಗೆಯ 'ಅ' ಕಟ್ಟು. 10 ಜನ ತಂದದ್ದು 'ಆ' ಕಟ್ಟು. ಮೊದಲ ಹತ್ತು ಸ್ಥಾನಗಳಲ್ಲಿ ಐದು 'ಅ', ಎರಡು 'ಆ'. ಐದು ದೊಡ್ಡದು, ಆದ್ದರಿಂದ 'ಅ' ಕಟ್ಟೇ ಮೇಲು ಎನಿಸುತ್ತದೆ. ಆದರೆ 'ಅ' ತಂದವರಲ್ಲಿ ಹತ್ತಕ್ಕೆ ಒಬ್ಬರು ಮೇಲೆ ಬಂದರು, 'ಆ' ತಂದವರಲ್ಲಿ ಐದಕ್ಕೆ ಒಬ್ಬರು! ಗೆದ್ದವರನ್ನು ಮಾತ್ರ ನೋಡಿದರೆ ಇದು ಕಾಣದು. ಬಂದವರೆಲ್ಲರ ಲೆಕ್ಕವೂ ಬೇಕು. ಇನ್ನೊಂದು ಎಚ್ಚರಿಕೆ: 'ಅ' ಕಟ್ಟಿಗೆ 'ಅ' ಕಟ್ಟೇ ಎದುರಾದರೆ ಯಾರು ಗೆದ್ದರೂ ಒಂದು ಗೆಲುವು, ಒಂದು ಸೋಲು. ಅದರಿಂದ ಕಟ್ಟಿನ ಬಲ ತಿಳಿಯದು. ಅಂಥ ಆಟಗಳನ್ನು ಲೆಕ್ಕದಿಂದ ಬಿಡಬೇಕು.

ಎದುರಾಳಿ ಯಾರೆಂಬುದೂ ಮುಖ್ಯ. ಚದುರಂಗದಲ್ಲಿ ಇದಕ್ಕೆ ಒಂದು ಉಪಾಯವಿದೆ. ಅರ್ಪಾಡ್ ಎಲೊ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು ರೂಪಿಸಿದ ಅಂಕ ಪದ್ಧತಿಯನ್ನು ವಿಶ್ವ ಚದುರಂಗ ಸಂಸ್ಥೆ 1970ರಲ್ಲಿ ಒಪ್ಪಿಕೊಂಡಿತು. ಬಲಶಾಲಿಯನ್ನು ಸೋಲಿಸಿದರೆ ಹೆಚ್ಚು ಅಂಕ, ದುರ್ಬಲನನ್ನು ಸೋಲಿಸಿದರೆ ಕಡಿಮೆ ಅಂಕ. ವಿಶ್ವನಾಥನ್ ಆನಂದ್, 2024ರಲ್ಲಿ ವಿಶ್ವ ಚಾಂಪಿಯನ್ ಆದ ಗುಕೇಶ್, ಇಬ್ಬರನ್ನೂ ಅಳೆಯುವುದು ಈ ಪದ್ಧತಿಯಿಂದಲೇ.

ಅಜ್ಜ ಹೇಳಿದ ಅದಲು ಬದಲಿನ ಉಪಾಯಕ್ಕೂ ದೊಡ್ಡ ನೆಂಟರಿದ್ದಾರೆ. ಬೀಜದ ಎರಡು ತಳಿಗಳಲ್ಲಿ ಯಾವುದು ಮೇಲು? ಒಂದನ್ನು ಫಲವತ್ತಾದ ಗದ್ದೆಯಲ್ಲಿ, ಇನ್ನೊಂದನ್ನು ಬರಡು ಗದ್ದೆಯಲ್ಲಿ ಬಿತ್ತಿದರೆ ನಾವು ಅಳೆಯುವುದು ತಳಿಯನ್ನಲ್ಲ, ಮಣ್ಣನ್ನು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಆರ್. ಎ. ಫಿಷರ್ 1920ರ ದಶಕದಲ್ಲಿ ಇದಕ್ಕೆ ದಾರಿ ತೋರಿದರು. ಹೊಲವನ್ನು ಚಿಕ್ಕ ತುಂಡುಗಳಾಗಿ ಮಾಡಿ, ಯಾವ ತುಂಡಿಗೆ ಯಾವ ತಳಿ ಎಂದು ಚೀಟಿ ಎತ್ತುವ ಹಾಗೆ ನಿರ್ಧರಿಸಬೇಕು ಎಂದರು. ಹೊಸ ಔಷಧಿಗಳನ್ನು ಪರೀಕ್ಷಿಸುವಾಗಲೂ ಇಂದು ಈ ಕ್ರಮವನ್ನೇ ಬಳಸುತ್ತಾರೆ. ಈ ಫಿಷರರ ಬಳಿ ಕೇಂಬ್ರಿಜ್‌ನಲ್ಲಿ ಸಂಶೋಧನೆ ಮಾಡಿದವರಲ್ಲಿ ಸಿ. ಆರ್. ರಾವ್ ಒಬ್ಬರು. ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಕರ್ನಾಟಕದ ಹೂವಿನ ಹಡಗಲಿಯಲ್ಲಿ. 2023ರಲ್ಲಿ, ತಮ್ಮ 102ನೆಯ ವಯಸ್ಸಿನಲ್ಲಿ, ಸಂಖ್ಯಾಶಾಸ್ತ್ರದ ಅಂತಾರಾಷ್ಟ್ರೀಯ ಪ್ರಶಸ್ತಿ ಪಡೆದರು. ಅದೇ ವರ್ಷ ತೀರಿಕೊಂಡರು.

ಇನ್ನು ನನ್ನ ಕಥೆ ಮುಗಿಸುತ್ತೇನೆ. ಊರಿಗೆ ಹೊರಡುವ ದಿನ ಮಾವನ ಮಗನಲ್ಲಿ ಆ ಹತ್ತು ಕಾರ್ಡುಗಳನ್ನು ಮರಳಿ ಕೇಳಿದೆ. "23 ಆಟ ಗೆದ್ದ ಕಟ್ಟು ಮಾರಾಯ, ಬಿಟ್ಟಿ ಕೊಡಲಾರೆ" ಎಂದ. ನನ್ನ ರನ್ ಕಟ್ಟಿನ ಎರಡು ಒಳ್ಳೆಯ ಕಾರ್ಡು ಕೊಟ್ಟೆ. ಬಸ್ಸಿನಲ್ಲಿ ಅಂಕೋಲೆ ಬರುವವರೆಗೂ ಕಿಸೆಯ ಮೇಲಿನ ಕೈ ತೆಗೆಯಲಿಲ್ಲ.

ತಮ್ಮನ ಎದುರು ಕಾರ್ಡುಗಳನ್ನು ಇಟ್ಟು, "ನನ್ನ ಲೆಕ್ಕ ತಪ್ಪಾಗಿತ್ತು" ಎಂದೆ. ಅವನು ಒಂದೊಂದನ್ನೂ ಎಣಿಸಿ ನೋಡಿದ. ಹತ್ತೂ ಇದ್ದವು. "ಅಜ್ಜ ಕೊಡಿಸಿದ್ದು, ಚಲೋದೇ ಇರುತ್ತದೆ. ನನಗೆ ಮೊದಲೇ ಗೊತ್ತಿತ್ತು" ಎಂದ. ಅದಕ್ಕೂ ಆಧಾರವೇನೂ ಇರಲಿಲ್ಲ. ಆದರೆ ಅಂದು ನಾನು ವಾದ ಮಾಡಲಿಲ್ಲ.

ನೀವೂ ಮಾಡಿ ನೋಡಿ

ಹಳೆಯ ರಟ್ಟಿನಲ್ಲಿ ಇಪ್ಪತ್ತು ಕಾರ್ಡು ಮಾಡಿ. ಒಂದೊಂದರಲ್ಲಿ ಒಂದು ಪ್ರಾಣಿಯ ಹೆಸರು, ಅದರ ತೂಕ, ಉದ್ದ, ವೇಗ, ಆಯುಷ್ಯ ಬರೆಯಿರಿ. ಮಾಹಿತಿಯನ್ನು ಶಾಲೆಯ ಗ್ರಂಥಾಲಯದ ಪುಸ್ತಕಗಳಿಂದ ತೆಗೆದುಕೊಳ್ಳಿ. ಹತ್ತರಂತೆ ಎರಡು ಕಟ್ಟು ಮಾಡಿ ಗೆಳೆಯರೊಡನೆ 20 ಆಟ ಆಡಿ. ನಂತರ ಕಟ್ಟು ಬದಲಾಯಿಸಿಕೊಂಡು ಮತ್ತೆ 20 ಆಟ ಆಡಿ. ಗೆದ್ದದ್ದನ್ನೂ ಸೋತದ್ದನ್ನೂ ಎರಡನ್ನೂ ಬರೆದಿಡಿ. ಕಟ್ಟು ಗೆದ್ದಿತೋ, ಆಡಿದವರು ಗೆದ್ದರೋ, ಅದೃಷ್ಟ ಗೆದ್ದಿತೋ? ನಿಮ್ಮ ಲೆಕ್ಕವನ್ನು ಶಿಕ್ಷಕರಿಗೆ ತೋರಿಸಿ. ಆದರೆ ಪಾಠದ ಸಮಯದಲ್ಲಿ ಮಾತ್ರ ಕಾರ್ಡುಗಳು ಕಂಪಾಸ್ ಪೆಟ್ಟಿಗೆಯೊಳಗೇ ಇರಲಿ!