ಕಾರ್ಡ್ ಕಾಣಿಸದ ದಿನಗಳು

2002ರ ಸುಮಾರಿಗೆ ಬೆಂಗಳೂರಿನ ಹಾಸ್ಟೆಲ್ಲಿನಲ್ಲಿದ್ದ ನಮಗೆ ಲಿನಕ್ಸ್ ಅಂದರೆ ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆ ಬರುತ್ತಿದ್ದ ಸಿಡಿ. ಒಬ್ಬ ಕೊಂಡರೆ ಇಡೀ ಸಾಲಿಗಾಯಿತು. ಇನ್‌ಸ್ಟಾಲ್ ಮಾಡುವುದೇನೋ ಊಟದ ಹೊತ್ತಿಗೆ ಮುಗಿಯುತ್ತಿತ್ತು. ಆಮೇಲೆ ಐಎಫ್‌ಕಾನ್ಫಿಗ್ ಕಮಾಂಡ್ ಕೊಟ್ಟು ನೋಡಿದರೆ 'ಲೋ' ಒಂದೇ. ನೆಟ್‌ವರ್ಕ್ ಕಾರ್ಡಿನ 'ಇಥ್ 0' ಪತ್ತೆಯಿಲ್ಲ. ರೂಮುಗಳ ನಡುವೆ ವೈರ್ ಎಳೆದು ಹಬ್ ಕೂರಿಸಿಕೊಂಡಿದ್ದವರಿಗೆ ಅದಿಲ್ಲದೆ ಕಂಪ್ಯೂಟರ್ ಇದ್ದೂ ಇಲ್ಲದ ಹಾಗೆ.

ಹೆಚ್ಚಿನವರ ಬಳಿ ಇದ್ದ ಕಾರ್ಡ್ ಎಸ್.ಪಿ. ರೋಡಿನಿಂದ ತಂದ ರಿಯಲ್‌ಟೆಕ್ 8139. ಫ್ರೀಬಿಎಸ್‌ಡಿಗೆ ಅದರ ಡ್ರೈವರ್ ಬರೆದ ಬಿಲ್ ಪಾಲ್, ಕೋಡಿನ ಟಿಪ್ಪಣಿಯಲ್ಲೇ ಆ ಚಿಪ್ಪನ್ನು ಚೆನ್ನಾಗಿ ಬೈದಿದ್ದಾರೆ. ಬಂದ ಪ್ಯಾಕೆಟ್‌ಗಳನ್ನೆಲ್ಲ ಅದು ಒಂದೇ ಬಫರಿಗೆ ಸುರಿಯುತ್ತದೆ, ಪ್ರೊಸೆಸರ್ ಕೂತು ಮತ್ತೆ ನಕಲು ಮಾಡಿಕೊಳ್ಳಬೇಕು. ಇರಲಿ, ನಮ್ಮ ಕೈಗೆಟುಕುತ್ತಿದ್ದುದು ಅದೇ. ನನಗೆ ಇವತ್ತಿಗೂ ಅದರ ಮೇಲೆ ಅಕ್ಕರೆ.

ಎಲ್‌ಎಸ್‌ಪಿಸಿಐ ಕಮಾಂಡ್ ಕೊಡುವ ಪಿಸಿಐ ಸಾಧನಗಳ ಪಟ್ಟಿಯಲ್ಲೂ ಕಾರ್ಡಿನ ಹೆಸರಿಲ್ಲವೆಂದರೆ ಕ್ಯಾಬಿನೆಟ್ ಬಿಚ್ಚುವುದೇ ದಾರಿ. ಹಾಸನದ ಗೆಳೆಯನೊಬ್ಬನಿಗೆ ಅದರಲ್ಲಿ ಕೈ ಪಳಗಿತ್ತು. ಕಾರ್ಡಿನ ಎರಡು ತುದಿ ಹಿಡಿದು ಮೆಲ್ಲಗೆ ಎತ್ತಿ, ಬಂಗಾರದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಒಂದೇ ದಿಕ್ಕಿಗೆ ಉಜ್ಜಿ, ಪುಡಿ ಕೊಡವಿ, ಪಕ್ಕದ ಸ್ಲಾಟಿಗೆ ಹೆಬ್ಬೆರಳಿಂದ ಒತ್ತುತ್ತಿದ್ದ. ಅವನು ಮುಗಿಸುವ ತನಕ ಟಾರ್ಚ್ ಹಿಡಿದವನು ಮಾತಾಡುವಂತಿರಲಿಲ್ಲ. ಎಷ್ಟೋ ಸಲ ಅಷ್ಟಕ್ಕೇ ಕಾರ್ಡ್ ಎದ್ದು ಕೂರುತ್ತಿತ್ತು. ಆಗಲಿಲ್ಲವೆಂದರೆ ಬಯಾಸ್. ಅಲ್ಲಿ 'ಪ್ಲಗ್ ಅಂಡ್ ಪ್ಲೇ ಓಎಸ್' ಎಂಬಲ್ಲಿ 'ಯೆಸ್' ಇದ್ದರೆ, ಕಾರ್ಡಿಗೆ ಐಆರ್‌ಕ್ಯೂ ಹಂಚುವ ಕೆಲಸವನ್ನು ಬಯಾಸ್ ಓಎಸ್‌ನ ಹೆಗಲಿಗೆ ಹಾಕಿ ಸುಮ್ಮನಾಗಿಬಿಡಬಹುದು. 'ನೋ' ಮಾಡಿದರೆ ತಾನೇ ಹಂಚುತ್ತದೆ.

ಎಲ್‌ಎಸ್‌ಪಿಸಿಐನಲ್ಲಿ ಹೆಸರಿದ್ದೂ ನೆಟ್‌ವರ್ಕ್ ಬಾರದಿದ್ದರೆ ಗೋಳು ಬೇರೆ. ಸಿಡಿಯಲ್ಲಿದ್ದ ಈಥರ್‌ನೆಟ್ ಹೌಟು ಕೈಪಿಡಿ ಹಳೆಯದು. ಡ್ರೈವರಿನ ಹೆಸರು 'ಆರ್‌ಟಿಎಲ್8139' ಅನ್ನುತ್ತಿತ್ತು. 2.4 ಕರ್ನಲ್‌ನಲ್ಲಿ ಆ ಜಾಗಕ್ಕೆ ಜೆಫ್ ಗಾರ್ಜಿಕ್ ಅವರ '8139ಟೂ' ಬಂದಾಗಿತ್ತು. ಹಳೆಯ ಹೆಸರು ಹೊಡೆದರೆ ಅಂಥ ಮಾಡ್ಯೂಲೇ ಇಲ್ಲ ಎಂಬ ಉತ್ತರ. ಇಂಟರ್ನೆಟ್ಟಿನಲ್ಲಿ ಹುಡುಕೋಣವೆಂದರೆ ಸೈಬರ್ ಕೆಫೆ ಅಷ್ಟೊತ್ತಿಗೆ ಬಾಗಿಲು ಹಾಕಿರುತ್ತಿತ್ತು. ಹಾಗಾಗಿ ಸೀನಿಯರ್‌ಗಳ ಬಾಗಿಲು ತಟ್ಟುತ್ತಿದ್ದೆವು. ಮರುದಿನ ಇಂಟರ್ನಲ್ಸ್ ಇದ್ದವರೂ ಎದ್ದು ಬರುತ್ತಿದ್ದರು. ಒಬ್ಬರು ನೋಟ್‌ಬುಕ್ ತೆರೆದು ಹೇಳುವುದು, ಇನ್ನೊಬ್ಬ ಟೈಪ್ ಮಾಡುವುದು, ಉಳಿದವರು ಮಂಚದ ಮೇಲೆ ಕೂತು ಕಾಯುವುದು. ಪಿಂಗ್‌ಗೆ ಮೊದಲ ಉತ್ತರ ಬಂದಾಗ ವಾರ್ಡನ್ ಏಳುವಷ್ಟು ಗದ್ದಲ. ಲಿನಕ್ಸ್ ನಾನು ಕಲಿತದ್ದು ಆ ಮಂಚದ ಮೇಲೆ, ಅವರೆಲ್ಲರಿಂದ. ಯಾರೂ ಯಾವತ್ತೂ 'ನಾಳೆ ಬಾ' ಅನ್ನಲಿಲ್ಲ.

ಆ ಕಾಲದ 8139 ನಿಮ್ಮ ಅಟ್ಟದಲ್ಲೆಲ್ಲಾದರೂ ಇದ್ದರೆ ಎಸೆಯಬೇಡಿ. ಹಲ್ಲು ಉಜ್ಜಿ ಹಳೆಯ ಪಿಸಿಐ ಸ್ಲಾಟಿಗೆ ಹಾಕಿ ನೋಡಿ. 8139ಟೂ ಡ್ರೈವರ್ ಲಿನಕ್ಸ್ ಕರ್ನಲ್‌ನಲ್ಲಿ ಇನ್ನೂ ಇದೆ.