ಗೌರಿ ಹೂವಿಗೊಂದು ಬೇಲಿ

2021ರ ಗೌರಿ ಹಬ್ಬದ ಬೆಳಿಗ್ಗೆ ಅಜ್ಜಿ ದೇವರ ಮುಂದಿದ್ದ ಹೂವಿನ ಬುಟ್ಟಿಯನ್ನು ಎರಡು ಸಲ ಕೆದಕಿ ನೋಡಿ, "ಗೌರಿ ಹೂ ಎಲ್ಲಿ?" ಎಂದು ಕೇಳಿದಳು. ಬುಟ್ಟಿಯಲ್ಲಿ ಪೇಟೆಯಿಂದ ತಂದ ಸೇವಂತಿಗೆಯಿತ್ತು, ಹಿತ್ತಲಿನ ದಾಸವಾಳವಿತ್ತು, ಡೇರೆ ಹೂವಿತ್ತು. ಅಮ್ಮ, "ಈ ವರ್ಷ ಎಲ್ಲೂ ಸಿಗಲಿಲ್ಲ ಅತ್ತೆ" ಎಂದಳು. ನಿಜ ಹೇಳಬೇಕೆಂದರೆ, ಹಿಂದಿನ ಎರಡು ವರ್ಷವೂ ಸಿಕ್ಕಿರಲಿಲ್ಲ. ನಾವು ಯಾರೂ ಗಮನಿಸಿರಲಿಲ್ಲ, ಅಷ್ಟೆ.

ಸಾಗರದ ಕಡೆಯ ನಮ್ಮ ಹಳ್ಳಿಯಲ್ಲಿ ಗೌರಿ ಹೂವೆಂದರೆ ಬೇಲಿಯ ಹೂವು. ಪುಸ್ತಕದಲ್ಲಿ ಇದಕ್ಕೆ ಅಗ್ನಿಶಿಖೆ ಎಂಬ ಹೆಸರಿದೆ. ಸಸ್ಯಶಾಸ್ತ್ರದವರು ಗ್ಲೋರಿಯೋಸಾ ಸುಪರ್ಬಾ ಎನ್ನುತ್ತಾರೆ. ನೆಲಕ್ಕೆ ಮುಖ ಮಾಡಿ ಅರಳುವ ಹೂವು ಇದು. ಆದರೆ ಆರೂ ಎಸಳುಗಳು ಹಿಂದಕ್ಕೆ ಬಾಗಿ ಮೇಲಕ್ಕೆ ಎದ್ದು ನಿಲ್ಲುತ್ತವೆ, ಉರಿಯುವ ಬೆಂಕಿಯ ಹಾಗೆ. ಅರಳುವಾಗ ಹಸಿರು ಮಿಶ್ರಿತ ಹಳದಿ, ಆಮೇಲೆ ಕೇಸರಿ, ಬಾಡುವ ಹೊತ್ತಿಗೆ ಪೂರ್ತಿ ಕೆಂಪು. ಒಂದೇ ಬಳ್ಳಿಯಲ್ಲಿ ಒಂದೇ ದಿನ ಈ ಎಲ್ಲ ಬಣ್ಣವನ್ನೂ ನೋಡಬಹುದು. ಭಾದ್ರಪದದ ಮಳೆ ಸ್ವಲ್ಪ ಹಿಡಿದುಕೊಂಡ ಹೊತ್ತಿಗೆ ಸರಿಯಾಗಿ ಅರಳುವುದರಿಂದ ಹಬ್ಬದ ಹೆಸರೇ ಹೂವಿಗೂ ಬಂದಿರಬೇಕು.

ಚಿಕ್ಕವರಿದ್ದಾಗ ಹೂ ಹುಡುಕುವ ಕೆಲಸ ನಮ್ಮದು, ಕೊಯ್ಯುವ ಕೆಲಸ ದೊಡ್ಡವರದು. ಹೂ ಕಂಡಲ್ಲಿ ನಿಂತು ಬೆರಳು ಮಾಡಿ ತೋರಿಸಬೇಕು. ಅಜ್ಜಿ ಬಂದು ಕತ್ತಿಯಿಂದ ತೊಟ್ಟು ಕತ್ತರಿಸಿ ಬುಟ್ಟಿಗೆ ಹಾಕುತ್ತಿದ್ದಳು. ಮನೆಗೆ ಬಂದ ಮೇಲೆ ಹೂ ಮುಟ್ಟಿದವರೂ ಮುಟ್ಟದವರೂ ಅಂಗಳದಲ್ಲೇ ಕೈ ತೊಳೆದು ಒಳಗೆ ಬರಬೇಕು. ಅದು ಅಜ್ಜಿಯ ಮಡಿ ಎಂದುಕೊಂಡಿದ್ದೆ. ಕಾಲೇಜಿಗೆ ಹೋದ ಮೇಲೆ ಅದನ್ನು ನೆನೆದು ನಕ್ಕಿದ್ದೂ ಉಂಟು.

ಬೇಲಿ ಹೋಗಿದ್ದು ಹೇಗೆ ಎಂಬುದನ್ನೂ ಹೇಳಬೇಕು. ತೋಟದ ಸುತ್ತ ಅಗಳ, ಅಗಳದಿಂದ ತೆಗೆದ ಮಣ್ಣಿನ ಏರಿ, ಏರಿಯ ಮೇಲೆ ಲಕ್ಕಿ, ಆಡುಸೋಗೆ, ದಾಸವಾಳದ ಸಾಲು, ನಡುವೆ ದಣಪೆ. ಇದು ಹಳೆಯ ಬೇಲಿ. ವರ್ಷಕ್ಕೊಮ್ಮೆ ಅಗಳದ ಮಣ್ಣು ಎತ್ತಬೇಕು, ಗಿಡ ಸವರಬೇಕು. ಆಳು ಸಿಗುವುದು ಕಷ್ಟವಾಯಿತು. ಹಂದಿ ಕಾಟ ಹೆಚ್ಚಾಯಿತು. ಅಪ್ಪ ಎರಡೇ ದಿನದಲ್ಲಿ ಜೆಸಿಬಿ ತರಿಸಿ ಅಗಳ ಮುಚ್ಚಿಸಿ, ಸಿಮೆಂಟ್ ಕಂಬ ನೆಡಿಸಿ, ತಂತಿ ಎಳೆಸಿದರು. ತಂತಿಯ ಕೆಳಗೆ ಹುಲ್ಲು ಬರದಿರಲೆಂದು ವರ್ಷಕ್ಕೆರಡು ಸಲ ಕಳೆನಾಶಕ ಹೊಡೆಸಿದರು. ಗೌರಿ ಹೂವನ್ನು ಯಾರೂ ಬೇಕೆಂದು ಕಿತ್ತಿರಲಿಲ್ಲ.

ಅಜ್ಜಿಯ ಪ್ರಶ್ನೆ ಕೇಳಿ ನನಗೆ ಹಟ ಬಂತು. ಹೂವಲ್ಲವೇ, ಅಂಗಳದಲ್ಲಿ ಬೆಳೆಸಿದರಾಯಿತು ಎಂದುಕೊಂಡೆ. ರಸ್ತೆ ಅಗಲ ಮಾಡಲು ಕಡಿಯಲಿದ್ದ ಒಂದು ಧರೆಯ ಮೇಲೆ ಎರಡು ಬಳ್ಳಿ ಕಂಡಿದ್ದವು. ಜನವರಿಯಲ್ಲಿ ಬಳ್ಳಿ ಒಣಗಿದ ಮೇಲೆ ಗುದ್ದಲಿ ಹಿಡಿದು ಹೋದೆ. ಇದರ ಗೆಡ್ಡೆ ನೇಗಿಲಿನ ಹಾಗೆ ಎರಡು ಕವಲಾಗಿ ಬಾಗಿರುತ್ತದೆ. ಸಂಸ್ಕೃತದಲ್ಲಿ ಲಾಂಗಲೀ ಎಂಬ ಹೆಸರು ಬಂದಿದ್ದು ಅದಕ್ಕೇ. ಒಂದು ಗೆಡ್ಡೆ ಇಡಿಯಾಗಿ ಬಂತು. ಇನ್ನೊಂದನ್ನು ನಾನೇ ಶುಂಠಿಯ ಹಾಗೆ ನಾಲ್ಕು ತುಂಡು ಮಾಡಿದೆ, ನಾಲ್ಕು ಗಿಡವಾಗಲಿ ಎಂಬ ಆಸೆಯಿಂದ.

ಆ ನಾಲ್ಕರಲ್ಲಿ ಒಂದೂ ಚಿಗುರಲಿಲ್ಲ. ಶುಂಠಿಗೆ ಮೈಯೆಲ್ಲ ಕಣ್ಣು, ಆದರೆ ಗೌರಿ ಹೂವಿನ ಗೆಡ್ಡೆಗೆ ಕಣ್ಣಿರುವುದು ಕವಲಿನ ತುದಿಯಲ್ಲಿ ಮಾತ್ರ. ತುದಿ ಮುರಿದರೆ ಉಳಿದ ಗೆಡ್ಡೆ ಎಷ್ಟು ದಪ್ಪವಿದ್ದರೂ ಮಣ್ಣಲ್ಲಿ ಕೊಳೆಯುತ್ತದೆ, ಅಷ್ಟೆ. ಎರಡು ಗಿಡ ಬೇಕೆಂದರೆ ಕವಲು ಸೇರುವ ಜಾಗದಲ್ಲಿ ಬಿಡಿಸಿ, ಎರಡೂ ತುದಿಗಳನ್ನು ಜೋಪಾನ ಮಾಡಬೇಕು. ನನ್ನ ತುಂಡುಗಳಲ್ಲಿ ತುದಿಗಳು ಗುದ್ದಲಿ ಏಟಿಗೆ ಮೊದಲೇ ಹಾರಿಹೋಗಿದ್ದವು.

ಇಡಿಯಾಗಿದ್ದ ಗೆಡ್ಡೆಯನ್ನು ಒಣ ಮರಳಲ್ಲಿ ಇಟ್ಟು, 2022ರ ಜೂನಿನಲ್ಲಿ ಮೊದಲ ಮಳೆ ಬಿದ್ದ ಮೇಲೆ ಅಂಗಳದ ಮೂಲೆಯಲ್ಲಿ ಎರಡು ಇಂಚು ಆಳಕ್ಕೆ ಮಲಗಿಸಿ ನೆಟ್ಟೆ. ಅಮ್ಮ, "ಅದು ವಿಷದ ಗೆಡ್ಡೆ ಮಾರಾಯ್ತಿ, ಮನೆ ಬಾಗಿಲಿಗೆ ಯಾಕೆ?" ಎಂದಳು. ನಾನು ಕೇಳಲಿಲ್ಲ. ಮೂರು ವಾರಕ್ಕೆ ಮೊಳಕೆ ಎದ್ದಿತು. ಈ ಬಳ್ಳಿಗೆ ಬೇರೆ ಬಳ್ಳಿಗಳ ಹಾಗೆ ಪ್ರತ್ಯೇಕ ಕುಡಿಯಿಲ್ಲ. ಎಲೆಯ ತುದಿಯೇ ಸಪೂರವಾಗಿ ಸುರುಳಿ ಸುತ್ತಿ ಪಕ್ಕದ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ. ನಾನು ನೆಟ್ಟಿದ್ದ ದಪ್ಪ ಗೂಟವನ್ನು ಹಿಡಿಯಲಾರದೆ ಅದು ಎರಡು ಸಲ ನೆಲಕ್ಕೆ ಬಿತ್ತು. ಕೊನೆಗೆ ಲಕ್ಕಿಯ ಒಣ ಕವಲುಕಡ್ಡಿಗಳನ್ನು ಚುಚ್ಚಿದ ಮೇಲೆ ಒಂದೊಂದೇ ಎಲೆಯಿಂದ ಹಿಡಿದು ಮೇಲೆ ಹೋಯಿತು. ನಾನು ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿದ್ದಾಗ ವಿಷದ ಗೆಡ್ಡೆ ಎಂದ ಅಮ್ಮನೇ ಅದಕ್ಕೆ ಬಂದ ಹುಳ ತೆಗೆದಳು. ಕಪ್ಪು ಮೈಯ ಮೇಲೆ ಬಿಳಿ, ಕೆಂಪು ಚುಕ್ಕೆಯ ಆ ಹುಳಗಳಿಗೆ ಈ ವಿಷವೇ ಊಟ. ಆ ವರ್ಷದ ಹಬ್ಬಕ್ಕೆ ಏಳು ಹೂವಾಯಿತು. ಅಜ್ಜಿ ಏನೂ ಹೇಳದೆ, ಏಳನ್ನೂ ಗೌರಿಯ ಎದುರು ಸಾಲಾಗಿಟ್ಟಳು.

ಆ ವರ್ಷದ ದೀಪಾವಳಿಗೆ ಊರಿಗೆ ಹೋದಾಗ ಬಳ್ಳಿ ಹಳದಿಯಾಗಿ, ಕಾಯಿ ಬಲಿತು ಒಡೆಯುತ್ತಿತ್ತು. ಕಾಯಿ ಮೂರು ಸೀಳಾಗಿ ಬಿಚ್ಚಿಕೊಳ್ಳುತ್ತದೆ, ಒಳಗೆ ಕೆಂಪು ಬೀಜಗಳು ಸಾಲಾಗಿ ಅಂಟಿಕೊಂಡಿರುತ್ತವೆ. ದಾಳಿಂಬೆ ಬಿಡಿಸಿಟ್ಟ ಹಾಗೆಯೇ ಕಾಣುತ್ತದೆ. ಅಣ್ಣನ ಮಗಳು ಪುಟ್ಟಿಗೆ ಆಗ ಎರಡೂವರೆ ವರ್ಷ. ಮಧ್ಯಾಹ್ನ ಊಟವಾಗಿ ಎಲ್ಲರೂ ಅಡ್ಡಾಗಿದ್ದ ಹೊತ್ತು. ನಾನು ಹೊರಗೆ ಬಂದಾಗ ಅವಳು ಬಳ್ಳಿಯ ಬುಡದಲ್ಲಿ ಕೂತಿದ್ದಳು. ಮುಷ್ಟಿ ತುಂಬ ಕೆಂಪು ಬೀಜ. ನನ್ನನ್ನು ನೋಡಿ ನಕ್ಕು, "ಅತ್ತೆ, ಹಣ್ಣು" ಎಂದಳು.

ಬಾಯಿ ತೆರೆಸಿ ನೋಡಿದೆ, ಏನೂ ಇರಲಿಲ್ಲ. ನುಂಗಿದ್ದಾಳೋ ಇಲ್ಲವೋ ಹೇಳುವವರು ಯಾರು? ಒಡೆದ ಕಾಯಿಯಲ್ಲಿ ಎಷ್ಟು ಬೀಜವಿತ್ತೆಂದು ಎಣಿಸಿಟ್ಟವರಿಲ್ಲ. ಅಣ್ಣ ಕಾರು ತೆಗೆದ. ಅತ್ತಿಗೆ ದಾರಿಯುದ್ದಕ್ಕೂ ನನ್ನ ಕಡೆ ನೋಡಲಿಲ್ಲ, ಒಂದು ಮಾತೂ ಆಡಲಿಲ್ಲ.

ಇದರ ಗೆಡ್ಡೆ ಮತ್ತು ಬೀಜದಲ್ಲಿ ಕೋಲ್ಚಿಸಿನ್ ಇದೆ ಎಂಬುದು ನನಗೆ ಓದಿ ಗೊತ್ತಿತ್ತು. 1820ರಲ್ಲಿ ಫ್ರಾನ್ಸಿನ ಪೆಲ್ಟಿಯೇ ಮತ್ತು ಕವಾಂತು ಇದೇ ಕುಟುಂಬದ ಕೋಲ್ಚಿಕಂ ಗಿಡದಿಂದ ಮೊದಲು ಬೇರ್ಪಡಿಸಿದ ವಸ್ತು ಅದು. ಜೀವಕೋಶ ಎರಡಾಗುವುದನ್ನೇ ಅದು ತಡೆಯುತ್ತದೆ. ಅಳತೆಯಲ್ಲಿ ಕೊಟ್ಟರೆ ಗೌಟ್ ಎಂಬ ಕೀಲುನೋವಿಗೆ ಔಷಧಿ. ಅದಕ್ಕಾಗಿಯೇ ತಮಿಳುನಾಡಿನ ದಿಂಡಿಗಲ್, ಕರೂರು ಕಡೆಯ ರೈತರು ಇದನ್ನು ಹೊಲದಲ್ಲಿ ಬೆಳೆದು, ಹೂವಿಂದ ಹೂವಿಗೆ ಕೈಯಾರೆ ಪರಾಗ ಮುಟ್ಟಿಸಿ ಬೀಜ ಮಾಡುತ್ತಾರೆ. ತಮಿಳುನಾಡಿನ ರಾಜ್ಯಪುಷ್ಪವೂ ಇದೇ. ಅಳತೆ ಮೀರಿದರೆ ಮಾತ್ರ ಜೀವಕ್ಕೇ ಅಪಾಯ. ಲಕ್ಷಣಗಳು ಕಾಣುವುದಕ್ಕೇ ಹಲವು ಗಂಟೆ ಬೇಕು. ಇದನ್ನೆಲ್ಲ ನಾನು ಎಷ್ಟು ಹುರುಪಿನಿಂದ ಗೆಳತಿಯರಿಗೆ ಹೇಳಿದ್ದೆ! ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಅದರಲ್ಲಿ ಒಂದೊಂದು ಮಾತೂ ತಿರುಗಿ ಬಂದು ನನ್ನನ್ನೇ ಕುಟುಕಿತು.

ಪುಟ್ಟಿಗೆ ಏನೂ ಆಗಲಿಲ್ಲ. ಎರಡು ದಿನ ಇಟ್ಟುಕೊಂಡು ಕಳಿಸಿದರು. ಮನೆಗೆ ಬಂದವಳೇ ಬಳ್ಳಿಯನ್ನು ಗೆಡ್ಡೆ ಸಮೇತ ಕಿತ್ತೆ. ಹಳೆಯ ಗೆಡ್ಡೆ ಸುಕ್ಕಾಗಿ ಸಿಪ್ಪೆಯಾಗಿತ್ತು, ಅದರ ಜಾಗದಲ್ಲಿ ಹೊಸದೊಂದು ನೇಗಿಲು ಬಿಳಿಚಿಕೊಂಡು ಕೂತಿತ್ತು. ಪ್ರತಿ ವರ್ಷ ಹಾಗೆಯೇ, ಹಳೆಯದು ತನ್ನದನ್ನೆಲ್ಲ ಕೊಟ್ಟು ಮುಗಿದು ಹೊಸದು ಕಟ್ಟುತ್ತದೆ. ಸುಡಲು ಹೇಳಿ ಅಮ್ಮನ ಕೈಗೆ ಕೊಟ್ಟು ಹೊರಟುಬಂದೆ. ಆ ವರ್ಷವೆಲ್ಲ ಮನೆಗೆ ಫೋನ್ ಮಾಡಿದಾಗ ಅತ್ತಿಗೆ ಮಾತಿಗೆ ಸಿಗಲಿಲ್ಲ.

2023ರ ಮೇ ತಿಂಗಳಲ್ಲಿ ಊರಿಗೆ ಹೋದಾಗ ಅಮ್ಮ ಕೊಟ್ಟಿಗೆಯ ಅಟ್ಟದಿಂದ ಒಂದು ಗೋಣಿಚೀಲ ಇಳಿಸಿದಳು. ಒಳಗೆ ಮರಳು, ಮರಳಲ್ಲಿ ಗೆಡ್ಡೆ. ಪಕ್ಕದಲ್ಲಿ ಕಾಗದದ ಪೊಟ್ಟಣದಲ್ಲಿ ಅವೇ ಬೀಜಗಳು. "ಹಬ್ಬದ ಹೂವಲ್ವಾ, ಸುಡೋಕೆ ಮನಸ್ಸು ಬರಲಿಲ್ಲ. ಆದ್ರೆ ಅಂಗಳಕ್ಕೆ ಬೇಡ. ಅದು ಬೇಲೀಲಿ ಇರ್ಬೇಕಾದ್ದು" ಎಂದಳು.

ಆ ಮಾತನ್ನು ಹಿಡಿದುಕೊಂಡು ಯೋಚಿಸಿದಾಗ ಹಳೆಯ ಬೇಲಿ ಪೂರ್ತಿ ಕಣ್ಣಿಗೆ ಬಂತು. ಗೆಡ್ಡೆಗೆ ನೀರು ನಿಂತರೆ ಆಗದು, ಏರಿಯ ಮೇಲೆ ನೀರು ನಿಲ್ಲುವುದಿಲ್ಲ. ಬುಡಕ್ಕೆ ನೆರಳು, ತಲೆಗೆ ಬಿಸಿಲು ಬೇಕು, ಆಡುಸೋಗೆಯ ಸಾಲಿನಲ್ಲಿ ಎರಡೂ ಸಿಗುತ್ತವೆ. ಎಲೆಯ ತುದಿಗೆ ಹಿಡಿಯಲು ಸಪೂರ ಕಡ್ಡಿ ಬೇಕು, ಲಕ್ಕಿಯಲ್ಲಿ ಅದಕ್ಕೆ ಬರವಿಲ್ಲ. ಬೇಸಿಗೆಯಲ್ಲಿ ಗೆಡ್ಡೆ ಒಣಮಣ್ಣಲ್ಲಿ ನಿದ್ದೆ ಮಾಡಬೇಕು, ಬೇಲಿಗೆ ಯಾರೂ ನೀರು ಹಾಯಿಸುವುದಿಲ್ಲ. ಆಚೆಯಿಂದ ದನ ಬರದಂತೆ ಅಗಳ, ಈಚೆಯಿಂದ ಮಕ್ಕಳ ಕೈಗೆ ಎಟುಕದಂತೆ ಗಿಡಗಳ ಗೋಡೆ. ಹೂ ಎಲ್ಲರ ಕಣ್ಣಿಗೆ ಕಾಣಬೇಕು, ಯಾರ ಬಾಯಿಗೂ ಹೋಗಬಾರದು. ಕಾಡೂ ಅಲ್ಲದ ಅಂಗಳವೂ ಅಲ್ಲದ ಜಾಗ ಅದೊಂದೇ. ಕೈ ತೊಳೆಸುವ ಅಜ್ಜಿಯ ಕಟ್ಟಳೆಯೂ ಆ ಬೇಲಿಯದೇ ಒಂದು ಗೂಟ. ನಾನು ಹೂವನ್ನು ಮಾತ್ರ ಎತ್ತಿ ತಂದಿದ್ದೆ, ಉಳಿದದ್ದನ್ನೆಲ್ಲ ಅಲ್ಲೇ ಬಿಟ್ಟು.

ಅಪ್ಪನನ್ನು ಒಪ್ಪಿಸಿ ತೋಟದ ತಲೆಯ ಕಡೆ ಅರವತ್ತು ಅಡಿಯಷ್ಟು ಜಾಗ ಕೇಳಿದೆ. ತಂತಿ ತಂತಿಯ ಪಾಡಿಗಿತ್ತು. ಅದರ ಹೊರಗೆ ಹಳೆಯ ಅಗಳ ತೆಗೆಸಿ, ಮಣ್ಣನ್ನು ಒಳಗೆ ಏರಿ ಮಾಡಿ, ಜೂನಿನ ಮಳೆಗೆ ಲಕ್ಕಿ, ಆಡುಸೋಗೆಯ ಕಡ್ಡಿ ಊರಿದೆವು. ಅಲ್ಲಿಗೆ ಕಳೆನಾಶಕ ಬೇಡವೆಂದು ಅಪ್ಪನಿಂದ ಮಾತು ತೆಗೆದುಕೊಂಡೆ. ಗೆಡ್ಡೆಯನ್ನು ಕವಲಿನಲ್ಲಿ ಬಿಡಿಸಿ ಎರಡು ಮಾಡಿ ನೆಟ್ಟೆ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು. ಎರಡೂ ಬಂದವು. ಮರುವರ್ಷ ಮೂರು ಬಳ್ಳಿ, ಈ ವರ್ಷ ಐದು. ಬೀಜವನ್ನೂ ಬಿತ್ತಿದ್ದೆ, ನಲವತ್ತರಲ್ಲಿ ಒಂಬತ್ತು ಮೊಳೆತವು, ಅವೂ ಒಟ್ಟಿಗಲ್ಲ. ಮೊದಲ ವರ್ಷ ಹುಲ್ಲಿನ ಗರಿಯ ಹಾಗೆ ಎರಡು ಎಲೆ ಬಿಟ್ಟು ಒಣಗಿದವು. ಸತ್ತವು ಎಂದುಕೊಂಡೆ. ಸತ್ತಿರಲಿಲ್ಲ, ಕೆಳಗೆ ಕಡಲೆಕಾಳಿನಷ್ಟು ಗೆಡ್ಡೆ ಕಟ್ಟಿ ಮಲಗಿದ್ದವು. ಬೀಜದ ಗಿಡ ಹೂ ಬಿಡಲು ಮೂರು ನಾಲ್ಕು ವರ್ಷ ಬೇಕು. ಮೂರನೆಯ ಮಳೆಗಾಲದಲ್ಲಿ ಅವು ಈಗ ಸೊಂಟದೆತ್ತರ ಬಂದಿವೆ, ಹೂವಿಲ್ಲ.

ಒಡೆಯುವ ಮೊದಲೇ ಕಾಯಿಗಳನ್ನು ಕೊಯ್ದುಬಿಡುತ್ತೇನೆ, ನಾನಿಲ್ಲದಿದ್ದರೆ ಅಮ್ಮ. ಅದು ಅತ್ತಿಗೆ ಹಾಕಿದ ಷರತ್ತು. ಬೇಲಿ ನೋಡಲು ಅವಳು ಬಂದಿದ್ದು ಎರಡನೆಯ ವರ್ಷ. ಏರಿಯಿಂದ ಬಳ್ಳಿಗೆ ಎಷ್ಟು ದೂರ ಎಂದು ಕೈ ಚಾಚಿ ನೋಡಿ, "ಸರಿ, ಇಲ್ಲಿದ್ರೆ ಇರ್ಲಿ" ಎಂದಳು.

ಪುಟ್ಟಿಗೆ ಈಗ ಐದು ದಾಟಿದೆ. ಈ ಸಲ ಹಬ್ಬದ ಬೆಳಿಗ್ಗೆ ಅವಳೇ ಮುಂದೆ ಓಡಿ, ಏರಿಯಿಂದ ಎರಡು ಮಾರು ದೂರದಲ್ಲೇ ನಿಂತು ಬೆರಳು ಮಾಡಿದಳು. "ನಾನು ಮುಟ್ಟಲ್ಲ ಅತ್ತೆ, ತೋರಿಸ್ತೀನಿ ಅಷ್ಟೆ." ನಾನು ಕತ್ತಿಯಿಂದ ತೊಟ್ಟು ಕತ್ತರಿಸಿ ಬುಟ್ಟಿಗೆ ಹಾಕಿದೆ. ಅಂಗಳಕ್ಕೆ ಬಂದಾಗ ಅಜ್ಜಿ ಜಗಲಿಯ ಮೇಲೆ ಕೂತಿದ್ದಳು. ಈಗ ಅವಳಿಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಹೂ ಸಿಕ್ಕಿತೇ ಎಂದು ಕೇಳಲಿಲ್ಲ.

"ಕೈ ತೊಳೆದ್ರೇನೇ?" ಎಂದಳು.

ಹೂ ಮುಟ್ಟದಿದ್ದ ಪುಟ್ಟಿಯೂ ಚೊಂಬಿನ ಕೆಳಗೆ ಕೈ ಒಡ್ಡಿದಳು.